ಗೋಡೆ ದಾಟಿದ ಒಗ್ಗರಣಿ

ರಿಯಾದಿನ ನನ್ನ ಮೊದಲ ಬೆಳಗು ಹೀಗಿತ್ತು: ಎಡಗೈಗೆ ರೊಟ್ಟಿ ಬಂತು, ಬಲಗೈಯಿಂದ ಪಾಸ್‌ಪೋರ್ಟ್ ಹೋಯಿತು. ರೊಟ್ಟಿ ಅಂದರೆ ನಮ್ಮ ಜೋಳದ ರೊಟ್ಟಿಯಲ್ಲ. ‘ತಮೀಸ್’ ಎನ್ನುವ ಗೋಧಿ ರೊಟ್ಟಿ, ಬಿಡಿಸಿದರೆ ಮೊಳಕ್ಕಿಂತ ಉದ್ದ. ಕಾರು ಓಡಿಸಲು ನನ್ನನ್ನು ಕರೆಸಿಕೊಂಡ ಯಜಮಾನರು ಅದನ್ನು ಮಡಚಿ ನನ್ನ ಕೈಗಿಟ್ಟರು. ತಿನ್ನು ಎಂದು ಸನ್ನೆ ಮಾಡುತ್ತ ಪಾಸ್‌ಪೋರ್ಟನ್ನು ತಮ್ಮ ಜೇಬಿಗಿಳಿಸಿದರು. ಕೆಟ್ಟವರಲ್ಲ, ಒಮ್ಮೆಯೂ ಗದರಿದವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಹಗುರಾಗಬಹುದಿತ್ತು.

ನಾನು ದೇವದುರ್ಗದವನು. ಬಸ್ ನಿಲ್ದಾಣದ ಹತ್ತಿರ ನಮ್ಮವ್ವನ ಬಂಡಿಯಿದೆ. ರಾಯಚೂರಿನ ಮೊದಲ ಬಸ್ಸು ಹೊರಡುವ ಮೊದಲೇ ಅಲ್ಲಿ ಎಣ್ಣೆ ಕಾದಿರುತ್ತದೆ. ಒಗ್ಗರಣಿ ಮತ್ತು ಬಿಸಿ ಮಿರ್ಚಿ ಭಜಿ. ಹೊರಗಿನವರಿಗೆ ಹೇಳುವುದಾದರೆ, ಮಂಡಕ್ಕಿಯನ್ನು ನೀರಲ್ಲಿ ಅದ್ದಿ, ತಕ್ಷಣ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಪುಡಿ, ಉದುರಿಸಿದರೆ ಒಗ್ಗರಣಿ. ಇಡೀ ವಿದ್ಯೆ ಇರುವುದು ಆ ಹಿಂಡುವ ಕೈಯಲ್ಲಿ. ಎಂಟು ಎಣಿಸುವಷ್ಟರಲ್ಲಿ ಹಿಂಡದಿದ್ದರೆ ಮಂಡಕ್ಕಿ ಗಂಜಿಯಾಗುತ್ತದೆ.

ರಿಯಾದಿನಲ್ಲಿ ಬೆಳಗಿನ ಹತ್ತಕ್ಕೂ ಬೀದಿ ಮಲಗಿರುತ್ತದೆ. ಎದ್ದವರು ಫೂಲ್ ತಿನ್ನುತ್ತಾರೆ. ಅವರೆಯಂಥ ದಪ್ಪ ಕಾಳನ್ನು ಕಿರಿದಾದ ಕೊರಳಿನ ಕೊಡದಲ್ಲಿ ಬೇಯಿಸಿ, ಮಸೆದು, ಎಣ್ಣೆ ಸುರಿದು ಕೊಡುತ್ತಾರೆ. ರುಚಿ ಚೆನ್ನಾಗಿಯೇ ಇದೆ, ಆದರೆ ಖಾರವಿಲ್ಲ. ಖಾರವಿಲ್ಲದ ನಾಷ್ಟಾ ತಿಂದು ನಾಲ್ಕು ತಿಂಗಳು ಕಳೆದಾಗ ನನಗೆ ದಿನ ಶುರುವಾಗಿದೆ ಎಂದೇ ಅನ್ನಿಸುತ್ತಿರಲಿಲ್ಲ. ಗೇಟಿನ ಪಕ್ಕದ ಒಂದು ಕೋಣೆ ನನ್ನದು. ಅದರ ಕಿಟಕಿ ತೆರೆದರೆ ಕಾಣುವುದು ಯಜಮಾನರ ಮನೆಯ ಅಂಗಳದ ಗೋಡೆ, ಅಷ್ಟೇ.

ಆಗ ಸಿಕ್ಕವನು ನಮ್ಮ ಪಕ್ಕದ ಊರು ಮಾನ್ವಿಯ ಖಾಜಾ. ಎರಡು ಬೀದಿಯಾಚೆ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ನನ್ನ ಮಾತು ಕೇಳಿಯೇ ಊರು ಗುರುತಿಸಿ, ಒಂದು ಶುಕ್ರವಾರ ಮಂಡಕ್ಕಿಯ ಪೊಟ್ಟಣ ಎತ್ತಿ ಕೊಟ್ಟ.

"ತಗೋ ಲೇ, ನಿನ್ನ ಸಲುವಾಗಿ ಎತ್ತಿಟ್ಟೀನಿ. ಮಿರ್ಚಿ ಕರದ್ರ ನನಗ ನಾಲ್ಕು ಇಡಬೇಕು ಮತ್ತ."

ಮರುದಿನ ಕೋಣೆಯ ಸಣ್ಣ ಒಲೆಯ ಮೇಲೆ ಮಾಡಿದೆ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು; ಮೆಣಸಿನಕಾಯಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮನೆಗೆಲಸದ ಅಲ್ಮಾಜ್ ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ಇಥಿಯೋಪಿಯಾದವಳು, ನನಗಿಂತ ಮೊದಲೇ ಬಂದವಳು. ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಯಜಮಾನರ ತಾಯಿಗೆ ವಾಸನೆ ಹೋಗಿತ್ತು. ಅವರನ್ನು ನಾವೆಲ್ಲ ‘ಮಾಮಾ’ ಅನ್ನಬೇಕು. ಅಲ್ಲಿ ಮನೆಯ ಹಿರಿಯಳನ್ನು ಹಾಗೆಯೇ ಕರೆಯುತ್ತಾರೆ. ಮಾಮಾ ಅದೇನೆಂದು ಕೇಳುತ್ತಿದ್ದಾರೆ ಎಂದಳು. ಅರ್ಧ ಬಡಿಸಿ ಕಳಿಸಿದೆ. ತಟ್ಟೆ ಒರೆಸಿದಂತೆ ವಾಪಸ್ ಬಂತು.

ಅಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಫೋನಿನಲ್ಲಿ ಅವ್ವನಿಗೆ ಹೇಳಿದೆ.

"ಅರಬರಿಗೂ ಒಗ್ಗರಣಿ ತಿನ್ಸಿದಿ ಅಲ್ಲೋ ಯಪ್ಪಾ! ಪುಟಾಣಿ ಹಿಟ್ಟು ಹಾಕಿದ್ದ್ಯೋ ಇಲ್ಲೋ?"

ಅಂದಿನಿಂದ ದಿನಾ ಬೆಳಗ್ಗೆ ತಟ್ಟೆ ಗೋಡೆ ದಾಟತೊಡಗಿತು. ಮೊದಮೊದಲು ಯಜಮಾನರು ಬೆನ್ನು ತಟ್ಟಿದರು, ಹೊಸ ಒಲೆ ಕೊಡಿಸಿದರು. ಎರಡು ವರ್ಷ ತುಂಬಿದಾಗ ಕರಾರಿನಂತೆ ರಜೆ ಕೇಳಿದೆ. ಅಲ್ಲಿ ಕಫೀಲ್, ಅಂದರೆ ನಮ್ಮನ್ನು ಕರೆಸಿಕೊಂಡ ಯಜಮಾನ, ಒಪ್ಪಿ ಫೋನಿನಲ್ಲಿ ಪರವಾನಗಿ ಕೊಟ್ಟರಷ್ಟೇ ನಾವು ದೇಶ ಬಿಡಬಹುದು. ರಂಜಾನ್ ಮುಗಿಯಲಿ ಎಂದರು. ಮುಗಿಯಿತು. ಮಕ್ಕಳ ಪರೀಕ್ಷೆ ಆಗಲಿ ಎಂದರು. ಆಯಿತು. ಕೊನೆಗೆ ನಿಜ ಹೇಳಿದರು: ಮಾಮಾ ಬೆಳಗ್ಗೆ ಬೇರೆ ಏನನ್ನೂ ಬಾಯಿಗಿಡುವುದಿಲ್ಲ. ಡ್ರೈವರ್ ಬೇಕಾದರೆ ನಾಳೆಯೇ ಇನ್ನೊಬ್ಬ ಸಿಗುತ್ತಾನೆ, ಒಗ್ಗರಣಿ ಮಾಡುವವನು ಎಲ್ಲಿ ಸಿಗುತ್ತಾನೆ?

ಕೋಣೆಗೆ ಬಂದು ಕಿಟಕಿ ತೆರೆದೆ. ಅದೇ ಗೋಡೆ. ಊರ ನೆನಪಿಗೆಂದು ಮಾಡಿಕೊಂಡ ತಿಂಡಿಯೇ ನನ್ನನ್ನು ಊರಿಗೆ ಹೋಗಗೊಡುತ್ತಿರಲಿಲ್ಲ. ಬೇಕೆಂದೇ ಉಪ್ಪು ಸುರಿದು ಕೆಡಿಸೋಣ ಎಂದು ಎಷ್ಟೋ ಬೆಳಗು ಯೋಚಿಸಿದ್ದೇನೆ. ಕೈ ಬರಲಿಲ್ಲ. ಅವ್ವನ ಬಂಡಿಯ ಮರ್ಯಾದೆ ಎಂದುಕೊಂಡು ಸರಿಯಾಗಿಯೇ ಮಾಡಿದೆ. ಎಂಥ ಮೂರ್ಖ!

ಊರಲ್ಲಿ ಮಗಳು ಗಂಗಾ ಬೆಳೆಯುತ್ತಿದ್ದಳು. ನಾನು ಹೊರಟಾಗ ಅವಳಿನ್ನೂ ಹುಟ್ಟಿರಲಿಲ್ಲ. ಮೂರು ತುಂಬುವುದರೊಳಗೆ ಜಾವಳ ತೆಗೆಯಬೇಕು, ಹುಟ್ಟುಗೂದಲು ಮೊದಲ ಸಲ ಬೋಳಿಸುವ ಶಾಸ್ತ್ರ. ಅಪ್ಪನಿಲ್ಲದೆ ಮಾಡುವುದಿಲ್ಲ ಎಂದು ಹೆಂಡತಿ ರೇಣುಕಾ ಹಟ ಹಿಡಿದಿದ್ದಳು.

"ಕೂದ್ಲು ಕಣ್ಣಾಗ ಬೀಳಾಕತ್ತಾವ್ರಿ. ಬಾಚಾಕ ಹೋದ್ರ ಚೀರ್ತಾಳ. ಯಾವಾಗ ಬರ್ತೀರಿ, ಖರೇ ಹೇಳ್ರಿ."

ಖರೇ ಹೇಳಲು ನನ್ನ ಹತ್ತಿರ ಏನಿತ್ತು? ದಾರಿ ತೋರಿಸಿದವನು ಖಾಜಾ.

"ನಿನ್ನ ಕೈಗೆ ನೀನ ಬೇಡಿ ಹಾಕ್ಕೊಂಡಿ. ಆ ಅಲ್ಮಾಜ್‌ಗೆ ಕಲಿಸು. ಆಕಿ ಮಾಡಿದ್ದು ಮಾಮಾ ಉಂಡ್ರ ನೀ ಹೊಂಟಿ ಅಂತ ತಿಳಿ."

ಅವಳು ನನ್ನ ಕೋಣೆಗೆ ಬರುವಂತಿಲ್ಲ, ನಾನು ಮನೆಯೊಳಗೆ ಹೋಗುವಂತಿಲ್ಲ. ಒಲೆಯನ್ನು ಗೇಟಿನ ಬಳಿ ಬಯಲಿಗೆ ತಂದಿಟ್ಟೆ. ಇಬ್ಬರಿಗೂ ಬರುವ ಹರಕು ಮುರುಕು ಅರಬಿಯಲ್ಲಿ ಪಾಠ. ಎರಡನೇ ದಿನಕ್ಕೇ ಅವಳ ಕೈ ಹಿಂಡುವ ಹದ ಹಿಡಿಯಿತು. ಹೇಗೆ ಎಂದರೆ, ಅವಳೂರಲ್ಲಿ ಬೆಳಗ್ಗೆ ‘ಫಿರ್‌ಫಿರ್’ ಮಾಡುತ್ತಾರಂತೆ: ಹುಳಿ ಬಂದ ಹಿಟ್ಟಿನ ತೆಳ್ಳನೆಯ ರೊಟ್ಟಿಯನ್ನು ಹರಿದು ಕೆಂಪು ಖಾರದ ಮಸಾಲೆಯಲ್ಲಿ ಕಲಸುವುದು. ಕೇಳಿದರೆ, ಬಿಸಿ ರೊಟ್ಟಿಗೆ ಖಾರ ಹಾಕಿ ಕುಟ್ಟುವ ನಮ್ಮ ಮುಟ್ಟಿಗಿಯ ಅಕ್ಕನಂತಿದೆ. ಅವಳೂ ಖಾರಕ್ಕೆ ಹಂಬಲಿಸಿದವಳೇ. ಅವಳಿಗೂ ಊರಲ್ಲಿ ಅಜ್ಜಿಯ ಜೊತೆ ಬಿಟ್ಟು ಬಂದ ಮಗಳಿದ್ದಾಳೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಲಿಸುತ್ತಿದ್ದೆ.

ಐದನೇ ದಿನ ಮಂಡಕ್ಕಿ ಹಿಂಡುತ್ತ, ತಲೆಯೆತ್ತದೆ ಕೇಳಿದಳು: "ನಾನು ಕಲಿತರೆ, ನಾನು ಯಾರಿಗೆ ಕಲಿಸಲಿ?"

"ನಾನು ತಿರುಗಿ ಬರುತ್ತೇನೆ. ಬಂದ ಮೇಲೆ ನೀನು ಹೋಗು," ಎಂದೆ. ಹೇಳುವುದು ಬಹಳ ಸುಲಭವಿತ್ತು. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಪುಟಾಣಿ ಹಿಟ್ಟಿನ ಡಬ್ಬಿಗೆ ಕೈ ಚಾಚಿದಳು. ಅಂದು ಮಾಮಾ ಎರಡು ಸಲ ಬಡಿಸಿಕೊಂಡರು. ಮರುವಾರವೇ ನನ್ನ ಪರವಾನಗಿ ಬಂತು.

ರೇಣುಕಾಳ ತವರು ಅರಕೇರಾದಲ್ಲಿ, ಸೋದರಮಾವನ ತೊಡೆಯ ಮೇಲೆ ಗಂಗಾಳ ಜಾವಳ ಆಯಿತು. ಇಡೀ ಓಣಿಗೆ ಕೇಳುವಂತೆ ಅತ್ತಳು. ಬೋಳು ತಲೆಗೆ ಶ್ರೀಗಂಧ ಹಚ್ಚಿದಾಗ ಸುಮ್ಮನಾಗಿ, ಮೊದಲ ಸಲ ತಾನಾಗಿಯೇ ನನ್ನ ಕೊರಳಿಗೆ ಕೈ ಹಾಕಿದಳು. ಆ ಹೊತ್ತಿಗೆ ನಾನು ಎಲ್ಲಿಗೂ ಹೋಗುವುದಿಲ್ಲ ಎಂದು ನಿಶ್ಚಯಿಸಿಬಿಟ್ಟಿದ್ದೆ.

ಆದರೆ ದಿನಾ ಬೆಳಗ್ಗೆ ಫೋನಿಗೆ ಒಂದು ಚಿತ್ರ ಬರುತ್ತದೆ. ಅಲ್ಮಾಜ್ ಕಳಿಸುವುದು. ಒಂದು ತಟ್ಟೆ ಒಗ್ಗರಣಿ, ಅಷ್ಟೇ, ಮಾತಿಲ್ಲ. ಮೊನ್ನೆ ಅವ್ವನ ಬಂಡಿಯಲ್ಲಿ ಮಂಡಕ್ಕಿ ನೀರಿಗೆ ಹಾಕಿ ಆ ಚಿತ್ರ ನೋಡುತ್ತ ನಿಂತುಬಿಟ್ಟೆ. ಬುಟ್ಟಿಯೆಲ್ಲ ಗಂಜಿಯಾಯಿತು.

"ಎಲ್ಲೈತೋ ನಿನ್ನ ಚಿತ್ತ? ಇಲ್ಲೇ ನಿಂತು ಇಲ್ಲಿಲ್ಲಲ್ಲೋ ಯಪ್ಪಾ!" ಎಂದಳು ಅವ್ವ.

ತಿರುಗಿ ಹೋಗುವ ಗಡುವಿಗೆ ಹನ್ನೊಂದು ದಿನ ಉಳಿದಿದೆ. ಹೋಗದಿದ್ದರೆ ಅಲ್ಮಾಜ್ ಅಲ್ಲೇ. ಹೋದರೆ ನಾನು ಅಲ್ಲೇ, ಎಷ್ಟು ವರ್ಷವೋ ಗೊತ್ತಿಲ್ಲ. ನಿನ್ನೆ ರೇಣುಕಾಗೆ ಎಲ್ಲವನ್ನೂ ಹೇಳಿದೆ.

"ಆಕಿ ನಿಮಗೇನಾಗಬೇಕ್ರಿ?" ಎಂದು ಕೇಳಿದಳು.

ಅವಳಿಗೂ ಒಬ್ಬಳು ಮಗಳಿದ್ದಾಳೆ ಎಂದಷ್ಟೇ ಹೇಳಿದೆ. ರೇಣುಕಾ ಎದ್ದು ಹೋದಳು.

ಇವತ್ತು ಬೆಳಗ್ಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ ಕುಟ್ಟಿದ ಕೆಂಪು ಖಾರದ ಎರಡು ಪೊಟ್ಟಣ, ಬಾಯಿ ಹೊಲಿದು ಇಟ್ಟಿದ್ದವು.

"ಒಂದು ನಿಮಗ," ಎಂದಳು ರೇಣುಕಾ, ಗಂಗಾಳಿಗೆ ಒಗ್ಗರಣಿ ತಿನ್ನಿಸುತ್ತ. "ಇನ್ನೊಂದು ಆಕಿ ಊರಿಗೆ ಹೋಗುವಾಗ ಒಯ್ಯಲಿ."

ಬೇಡ, ಹೋಗಬೇಡ್ರಿ ಎನ್ನುತ್ತಾಳೆ ಎಂದು ರಾತ್ರಿಯಿಡೀ ಕಾದಿದ್ದೆ.