ತೇಯ್ದು ಕೊಟ್ಟ ಮಾತ್ರೆ

ವಿಷ ಕುಡಿದು ಗಂಟಲಲ್ಲಿ ಇಟ್ಟುಕೊಂಡ ದೇವರ ಊರಿನಲ್ಲಿ ಸಂಸಾರ ಮಾಡುತ್ತ ನನ್ನ ಅರ್ಧ ಆಯಸ್ಸು ಕಳೆದಿದೆ. ಆದರೂ ಒಂದು ಮಾತ್ರೆಯನ್ನು ಇಡಿಯಾಗಿ ನುಂಗುವುದು ನನಗೆ ಬರುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ಮೀಸೆ ಚಿಗುರಿದ ಹುಡುಗರನ್ನು ಒಂದೇ ನೋಟಕ್ಕೆ ಕೂರಿಸುತ್ತೇನೆ. ಜ್ವರದ ಮಾತ್ರೆ ಕಂಡರೆ ಮಾತ್ರ ಗಂಟಲು ತಾನಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ತವರೂರು ಸೋಸಲೆಯಲ್ಲಿ ಚಿಕ್ಕವಳಿದ್ದಾಗ ನಮ್ಮವ್ವ ತೇಯೋ ಕಲ್ಲಿನ ಮೇಲೆ ಎರಡು ಹನಿ ನೀರು ಬಿಟ್ಟು ಮಾತ್ರೆ ತೇಯ್ದು, ಜೇನುತುಪ್ಪದಲ್ಲಿ ಕಲಸಿ, ಬೆರಳಿನಿಂದ ನಾಲಿಗೆಗೆ ಹಚ್ಚುತ್ತಿದ್ದಳು. ಮದುವೆಯಾದಾಗ ಆ ಕಲ್ಲು ನನ್ನ ಜೊತೆಗೇ ನಂಜನಗೂಡಿಗೆ ಬಂತು. ನನ್ನ ಮಗಳಿಗೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸಿದ್ದೂ ಅದರ ಮೇಲೆಯೇ. ನಡುವೆ ತಗ್ಗು ಬಿದ್ದು ನುಣ್ಣಗಾದ ಅಂಗೈಯಗಲದ ಕಲ್ಲು. "ಶಿವ ಇಸ ಕುಡುದ್ರೆ ಗಂಟ್ಲು ಇಡ್ಕಳಾಕೆ ಪಾರ್ವತಿ ಇದ್ಲು, ನಿಂಗೆ ಈ ಕಲ್ಲೇ ಗತಿ ಕಣಮ್ಮಿ," ಎಂದು ಯಜಮಾನರು ರೇಗಿಸುತ್ತಿದ್ದರು.

ಎದೆಯ ಗಡ್ಡೆಗೆ ಆಪರೇಶನ್ ಆಗಿ, ಕೂದಲು ಉದುರಿಸುವ ಡ್ರಿಪ್ಪುಗಳೂ ಮುಗಿದು, ಪೀಡೆ ತೊಲಗಿತು ಎಂದುಕೊಂಡಿದ್ದೆ. ಅದು ಮೂಳೆಯಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಸಲ ಮಾತ್ರೆ, ಮನೆಯಲ್ಲೇ ತೆಗೆದುಕೊಳ್ಳಬಹುದು ಎಂದರು ಮೈಸೂರಿನ ಆಸ್ಪತ್ರೆಯವರು. ನಾವು ಎಂಥ ಪೆದ್ದರೆಂದರೆ, ಸೂಜಿ ಇಲ್ಲವೆಂದ ಮೇಲೆ ಔಷಧಿಯೂ ಹಗುರವೇ ಇರಬೇಕೆಂದು ನೆಮ್ಮದಿಪಟ್ಟೆವು. ಆ ದಿನ ನಾನು ವಾಂತಿ ಬಂದು ಕಾರಿನಲ್ಲೇ ಮಲಗಿದ್ದರಿಂದ ಯಜಮಾನರೊಬ್ಬರೇ ಒಳಗೆ ಹೋಗಿ ಕೇಳಿಸಿಕೊಂಡು ಬಂದರು. ಊಟವಾದ ಮೇಲೆ ತೆಗೆದುಕೊಳ್ಳಬೇಕು, ಇಡಿಯಾಗಿ ನುಂಗಬೇಕು, ಬೇರೆಯವರು ಮುಟ್ಟಬಾರದು, ಪಾಯಿಖಾನೆಗೆ ನೀರು ಹೀಗೆ ಹಾಕಬೇಕು, ಬಟ್ಟೆ ಬೇರೆ ಒಗೆಯಬೇಕು, ಭೇದಿಯಾದರೆ ಜ್ವರ ಬಂದರೆ ಫೋನು ಮಾಡಬೇಕು, ಎಲ್ಲವನ್ನೂ ಆಸ್ಪತ್ರೆಯವರು ಹೇಳಿದ್ದರಂತೆ. ಅದರಲ್ಲಿ ಊಟವಾದ ಮೇಲೆ ಎನ್ನುವುದು ಮಾತ್ರ ನಮ್ಮ ಮನೆ ತಲುಪಿತು. ಯಜಮಾನರನ್ನು ಬೈಯಲು ನನಗೆ ಮನಸ್ಸಿಲ್ಲ. ಹೆಂಡತಿ ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿ ಕೂತವನ ಕಿವಿಗೆ ಅಷ್ಟು ಬಿದ್ದದ್ದೇ ಹೆಚ್ಚು.

ಅದೇ ಹೊತ್ತಿಗೆ ಮಗಳು ಬಂದಳು. ಅವಳನ್ನು ಕೊಟ್ಟಿರುವುದು ತಿರುಮಕೂಡಲು ನರಸೀಪುರಕ್ಕೆ. ಏಳು ತಿಂಗಳಿಗೆ ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳಿಸಿದ್ದರು. ಬೀಗರು ಒಳ್ಳೆಯವರು, ನಿಮ್ಮವ್ವನಿಗೇ ಹುಷಾರಿಲ್ಲ, ಇಲ್ಲೇ ಇರು ಎಂದು ಹೇಳಿ ನೋಡಿದ್ದರು. ಇವಳು ಕೇಳಲಿಲ್ಲ. ಬಾಣಂತನ ಮಾಡಬೇಕಾದವಳು ಮಂಚದ ಮೇಲೆ, ಮಾಡಿಸಿಕೊಳ್ಳಬೇಕಾದವಳು ಒಲೆಯ ಮುಂದೆ. ಅಷ್ಟು ದೊಡ್ಡ ಮಾತ್ರೆ ನನ್ನ ಗಂಟಲಲ್ಲಿ ನಿಂತು, ಕಣ್ಣಲ್ಲಿ ನೀರು ತರಿಸಿ, ಹೊರಕ್ಕೆ ಬಂದದ್ದನ್ನು ನೋಡಿ ಅವಳು ಒಳಗೆ ಹೋಗಿ ಕಲ್ಲು ತಂದಳು.

"ಬಾಯಿ ತೆಗಿ ಅವ್ವ. ನೀನು ನಂಗೆ ಕೊಡ್ತಿದ್ದಂಗೇ ಕೊಡ್ತೀನಿ."

ಅವಳು ಕಾಲು ಚಾಚಿ ಕೂತು ತೇಯುವಾಗ ಹೊಟ್ಟೆ ನನ್ನ ಮಂಡಿಗೆ ತಾಗುತ್ತಿತ್ತು. ಒಳಗಿನದು ಒದ್ದರೆ ನನಗೂ ಗೊತ್ತಾಗುತ್ತಿತ್ತು. ಆ ಬೆರಳು, ಆ ಜೇನುತುಪ್ಪ, ಬಾಯಿ ಒರೆಸುವ ಅವಳ ಸೆರಗು. ಸುಳ್ಳೇಕೆ ಹೇಳಲಿ, ಕಾಯಿಲೆ ಬಂದ ಮೇಲೆ ನಾನು ಸುಖವಾಗಿದ್ದದ್ದು ಆ ದಿನಗಳಲ್ಲೇ.

ಮುಂದಿನ ಸುತ್ತಿನ ಮಾತ್ರೆಗೆ ನಾನೇ ಆಸ್ಪತ್ರೆಗೆ ಹೋದೆ. ಮಾತ್ರೆ ಕೊಡುವ ಮೊದಲು ಅಲ್ಲಿನ ಸಿಸ್ಟರ್ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು, ಹೇಗೆ ತೆಗೆದುಕೊಳ್ಳುತ್ತಿದ್ದೀರಿ ಎಂದು. ಕಷ್ಟವೇ ಇಲ್ಲ, ಮಗಳು ತೇಯ್ದು ಕೊಡುತ್ತಾಳೆ, ಬಾಣಂತನಕ್ಕೆ ಬಂದಿದ್ದಾಳೆ ಎಂದು ಹೆಮ್ಮೆಯಿಂದ ಹೇಳಿದೆ. ಆಯಮ್ಮ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಈ ಮಾತ್ರೆಯನ್ನು ಪುಡಿ ಮಾಡುವಂತಿಲ್ಲ, ಮುರಿಯುವಂತಿಲ್ಲ, ತೇಯ್ದರೆ ಅದು ಚರ್ಮಕ್ಕೂ ಉಸಿರಿಗೂ ಸೇರುತ್ತದೆ, ಬಸುರಿ ಹೆಂಗಸು ಇದನ್ನು ಕೈಯಲ್ಲೂ ಮುಟ್ಟಬಾರದು ಎಂದು ಮೆಲ್ಲಗೆ ಹೇಳಿದರು. ನನಗೆ ತಲೆಗೆ ಹೋಗಲಿಲ್ಲ. ಏಕೆ ಎಂದು ದಡ್ಡ ಹುಡುಗಿಯಂತೆ ಕೇಳಿದೆ.

"ಬೆಳೆಯೋದನ್ನ ತಡೆಯೋ ಔಷಧಿ ಅಮ್ಮಾ ಇದು. ಗಡ್ಡೇನೂ ಬೆಳೀತದೆ, ಮಗೂನೂ ಬೆಳೀತದೆ. ಯಾವುದು ಯಾವುದು ಅಂತ ಇದಕ್ಕೆ ಗೊತ್ತಾಗಲ್ಲ."

ವಾಪಸು ಬರುವಾಗ ಕಾರಿನಲ್ಲಿ ನನಗೆ ಒಂದೇ ಯೋಚನೆ. ಬೆರಳಿಗೆ ಅಂಟಿ ಉಳಿದ ಜೇನನ್ನು ಅವಳು ಏನು ಮಾಡುತ್ತಿದ್ದಳು? ಚಿಕ್ಕಂದಿನಿಂದ ಜೇನುತುಪ್ಪ ಕಂಡರೆ ಬಿಡುವವಳಲ್ಲ. ತೊಳೆದಳೋ, ಸೆರಗಿಗೆ ಒರೆಸಿದಳೋ, ನೆಕ್ಕಿದಳೋ. ನಾನು ಕಣ್ಣು ಮುಚ್ಚಿ ಚಪ್ಪರಿಸುತ್ತ ಕೂತಿರುತ್ತಿದ್ದೆನಲ್ಲ, ನೋಡಿದ್ದರೆ ತಾನೇ? ಕಪಿಲೆಯ ಸೇತುವೆ ದಾಟುವಾಗ ದೇವಸ್ಥಾನದ ಗೋಪುರಕ್ಕೆ ಕೈ ಮುಗಿಯುವುದು ರೂಢಿ. ಅಂದು ಮುಗಿಯಲಿಲ್ಲ. ನಿನ್ನ ವಿಷ ನೀನು ಕುಡಿದೆ, ನನ್ನದನ್ನು ನನ್ನ ಮಗಳ ಕೈಗೆ ಏಕೆ ಕೊಟ್ಟೆ ಎಂದು ಜಗಳವಾಡಿದೆ.

ಮನೆಗೆ ಬಂದರೆ ಊಟ ಬಡಿಸಿಟ್ಟು, ಪಕ್ಕದಲ್ಲಿ ಕಲ್ಲನ್ನೂ ತೊಳೆದಿಟ್ಟು ಕಾಯುತ್ತಿದ್ದಳು. ಮುಟ್ಟಬೇಡ, ದೂರ ಹೋಗು ಎಂದು ಕಿರುಚಿದೆ. ಅವಳು ಬೆಚ್ಚಿ ಗೋಡೆಗೆ ಒರಗಿದಳು. ಯಜಮಾನರು ಅವಳಿಗೆ ಎಲ್ಲವನ್ನೂ ಹೇಳಿದರು. ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಳ್ಳಲು ಹೋಗಿ, ನಡುವೆಯೇ ಹಿಂದಕ್ಕೆ ತೆಗೆದಳು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಬೆರಳು ನೆಕ್ಕುದ್ಯಾ ಮಗ?" ಎಂದು ಕೇಳಿದೆ.

"ಇಲ್ಲ ಅವ್ವ." ಬಹಳ ಬೇಗ ಹೇಳಿದಳು. ನನ್ನ ಮುಖ ನೋಡಿ ಹೇಳಲಿಲ್ಲ.

ಮಾರನೆಯ ದಿನವೇ ಹೆರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಸ್ಕ್ಯಾನಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿದೆ, ಕೈಕಾಲು ಹೃದಯ ಎಲ್ಲ ರೂಪುಗೊಂಡ ಮೇಲೆ ಆದದ್ದು, ಒಳಗೆ ಹೋಗಿದ್ದರೂ ಅಲ್ಪಸ್ವಲ್ಪ ಇರಬಹುದು ಎಂದರು ಆ ಡಾಕ್ಟರಮ್ಮ. ಏನೂ ಆಗುವುದಿಲ್ಲ ಎಂದು ಬರೆದುಕೊಡಿ ಎಂದೆ. ಬರೆದು ಕೊಡಲಾರೆ, ಬೆಳವಣಿಗೆ ನೋಡುತ್ತಿರೋಣ ಎಂದರು. ಅಷ್ಟೇ. ಬಾಯಲ್ಲಿಟ್ಟ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

ಇನ್ನು ಆ ಮಾತ್ರೆ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟೆ. ಐವತ್ತು ದಾಟಿದ ಮೂಳೆ ಉಳಿದರೆಷ್ಟು, ಹೋದರೆಷ್ಟು. ಮಗಳು ಮಾತ್ರೆ ಮುಟ್ಟದಿದ್ದರೆ ಸಾಕು, ಮನೆಯಲ್ಲೇ ಇರಬಹುದು, ಬಾತ್‌ರೂಮು ಬೇರೆಯಾದರೆ ಇನ್ನೂ ಒಳ್ಳೆಯದು ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದ್ದರು. ಆದರೆ ನಮ್ಮದು ಒಂದೇ ಬಾತ್‌ರೂಮಿನ ಮನೆ. ಮೈಯಿಂದ ಹೊರಬೀಳುವುದರಲ್ಲೂ ಆ ಔಷಧಿ ಇರುತ್ತದಂತೆ, ನನ್ನ ಬೆವರನ್ನೂ ನಾನು ನಂಬುತ್ತಿರಲಿಲ್ಲ. ಮೂರು ಹೊತ್ತು ಅವಳನ್ನು ನರಸೀಪುರಕ್ಕೆ ಹೊರಡು ಎಂದು ಕಾಡಿದೆ. ಬಸುರಿ ಮಗಳನ್ನು ತವರಿನಿಂದ ಅಟ್ಟುವ ಬಾಯಿ ನನ್ನದೇ ಆಗಿತ್ತು. ಕೊನೆಗೆ ಅವಳು ಬಾಗಿಲಲ್ಲಿ ನಿಂತು, ಅಳದೆ, ಒಂದು ಒಪ್ಪಂದ ಹೇಳಿದಳು.

"ನೀನು ಮಾತ್ರೆ ಬುಟ್ರೆ ನಾನು ಈ ಮನೆ ಬುಟ್ಟು ಕದಲಲ್ಲ. ಇಡಿಯಾಗಿ ನುಂಗಿ ತೋರ್ಸು, ನಾಳೆನೇ ನರಸೀಪುರಕ್ಕೆ ಓಯ್ತೀನಿ."

ಯಜಮಾನರು ರಸಬಾಳೆ ಹಣ್ಣನ್ನು ಚೂರು ಮಾಡಿ ತಂದರು. ಊಟವಾದ ಮೇಲೆ ನಾನೇ ಮಾತ್ರೆ ಬಿಡಿಸಿ, ಹಣ್ಣಿನ ಚೂರಿನಲ್ಲಿ ಹುದುಗಿಸಿ, ಬಾಗಿಲಲ್ಲಿ ನಿಂತ ಅವಳನ್ನೇ ನೋಡುತ್ತ ನುಂಗಿದೆ. ಮೊದಲನೆಯದು ವಾಂತಿಯಾಯಿತು. ಇನ್ನೊಂದು ಕೊಡಲೇ ಎಂದು ಯಜಮಾನರು ಕೈ ಹಾಕಿದರು. ವಾಂತಿಯಾದರೆ ಮತ್ತೆ ತೆಗೆದುಕೊಳ್ಳಬೇಡಿ, ಮುಂದಿನ ಹೊತ್ತಿಗೆ ಕಾಯಿರಿ, ನಮಗೆ ತಿಳಿಸಿ ಎಂದು ಸಿಸ್ಟರ್ ನನ್ನ ಕೈಲಿ ಎರಡು ಸಲ ಹೇಳಿಸಿದ್ದರು. ಕಾದೆ. ರಾತ್ರಿ ಊಟವಾದ ಮೇಲೆ ಇನ್ನೊಂದು ಸಲ. ಗಂಟಲು ಬಿಗಿದುಕೊಂಡಿತು, ಕಣ್ಣು ಕತ್ತಲಿಟ್ಟಿತು, ಆಮೇಲೆ ಅದು ಇಳಿಯಿತು. ಆ ಹೊತ್ತಿನ ಮಾತ್ರೆಗಳೆಲ್ಲ ಒಂದೊಂದಾಗಿ ಇಳಿದವು. ಬಾಗಿಲಲ್ಲಿ ಮಗಳು ಕೂತು ಬಿಕ್ಕಳಿಸುತ್ತಿದ್ದಳು.

ಅವಳು ಹೊರಟಾಗ ಮಡಿಲು ತುಂಬಬೇಕಲ್ಲ. ಅಕ್ಕಿ, ಬೆಲ್ಲ, ಕೊಬ್ಬರಿ ಎಲ್ಲ ಮೊರದಲ್ಲಿತ್ತು. ನಾನು ಮುಟ್ಟಲಿಲ್ಲ. ಪಕ್ಕದ ಮನೆಯಾಕೆಯನ್ನು ಕರೆದೆ. ಆಕೆ ತುಂಬಿದಳು, ನಾನು ನಡುಮನೆಯ ಆಚೆ ತುದಿಯಲ್ಲಿ ನಿಂತು ನೋಡಿದೆ. ಕೈ ತೊಳೆದು ಮುಟ್ಟಬಹುದಿತ್ತು ಎಂದು ಆಮೇಲೆ ತಿಳಿಯಿತು.

ಉಳಿದದ್ದು ಕಲ್ಲು. "ಒಳೆಗೆ ಬುಟ್ಬುಟ್ಟು ಬತ್ತೀನಿ," ಎಂದು ಯಜಮಾನರು ಅದನ್ನು ಚೀಲಕ್ಕೆ ಹಾಕಿದರು. ಮನೆಯಲ್ಲಿ ಬೇಡವಾದದ್ದನ್ನು ಹೊಳೆಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ನಾನು ಚೀಲ ಕಿತ್ತುಕೊಂಡೆ. ನಮ್ಮ ಕಪಿಲೆ ಹೋಗಿ ಕಾವೇರಿಗೆ ಸೇರುವುದು ನರಸೀಪುರದಲ್ಲಿ. ಇಲ್ಲಿ ಬಿಟ್ಟದ್ದು ಮಗಳ ಊರಿಗೇ ಹೋಗುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಒಯ್ದು, ಇಂಥ ಔಷಧಿಯ ಕಸಕ್ಕೆಂದೇ ಇರುವ ಹಳದಿ ಚೀಲದಲ್ಲಿ ನಮ್ಮವ್ವನ ಕಲ್ಲನ್ನು ನಾನೇ ಇಟ್ಟೆ. ಚೀಲ ಹೊದಿಸಿದ ಡಬ್ಬಿಯ ತಳಕ್ಕೆ ತಾಗಿ ಠಣ್ಣೆಂದಿತು. ಸಿಸ್ಟರ್ ಚೀಲದ ಬಾಯಿ ಕಟ್ಟಿದರು.

ಮಗಳು ದಿನಾ ವಿಡಿಯೋ ಕಾಲ್ ಮಾಡಿ ನಾನು ನುಂಗುವುದನ್ನು ನೋಡುತ್ತಾಳೆ. ಬಾಯಿ ತೆಗಿ, ನಾಲಿಗೆ ಎತ್ತು ಎನ್ನುತ್ತಾಳೆ. ನಾನು ಅವಳ ಹೊಟ್ಟೆ ತೋರಿಸು ಎನ್ನುತ್ತೇನೆ. ಕಳೆದ ಸಲದ ಸ್ಕ್ಯಾನಿನಲ್ಲಿ ತೂಕ ಒಂಚೂರು ಕಡಿಮೆ ಎಂದರಂತೆ. ಚೊಚ್ಚಲಿಗೆ ಹಾಗೆಯೇ, ಹೆದರಬೇಡಿ ಎಂದೂ ಹೇಳಿದರಂತೆ. ನಾನು ಮೊದಲನೆಯ ಮಾತನ್ನಷ್ಟೇ ಕೇಳಿಸಿಕೊಂಡೆ.

ಈ ಮಾತ್ರೆಗೆ ನನ್ನ ಅಂಗೈ ಕೆಂಪಾಗಿ ಸುಲಿಯುತ್ತಿದೆ. ಅದಕ್ಕೆ ಮುಲಾಮು ಕೊಡುವಾಗ ಸಿಸ್ಟರನ್ನು ಕೇಳಿದೆ, ಹುಟ್ಟಿದ ಮೇಲೆ ಮಗುವನ್ನು ನಾನು ಎತ್ತಿಕೊಳ್ಳಬಹುದೇ ಎಂದು. ಸೋಪು ಹಾಕಿ ಚೆನ್ನಾಗಿ ಕೈ ತೊಳೆದು ಎತ್ತಿಕೊಳ್ಳಿ ಎಂದರು. ಸೋಪು ಸೋಕಿದರೆ ಅಂಗೈ ಬೆಂಕಿಯಾಗುತ್ತದೆ. ಹೆರಿಗೆಗೆ ಇನ್ನೂ ದಿನವಿದೆ. ನಾನು ಆಗಲೇ ತೊಳೆಯಲು ಶುರುಮಾಡಿದ್ದೇನೆ.