ಪಕ್ಕದ ಎಸ್ಟೇಟಿನ ಆಳುಗಳು

ಯಾವ ಭೇದವೂ ಖಚಿತವಲ್ಲ ಎನ್ನುವ ನಿರಚನವಾದವನ್ನು ಕಾಲೇಜಿನಲ್ಲಿ ನಮಗೆ ಹೇಳಿಕೊಟ್ಟ ಮೇಷ್ಟ್ರು ಬೋರ್ಡಿನ ನಡುವೆ ಗೆರೆ ಎಳೆದು, ಅತ್ತ ಒಳಗಿನವರು, ಇತ್ತ ಹೊರಗಿನವರು ಎಂದು ಬರೆದು, ಆ ಗೆರೆಯನ್ನು ಅಂಗೈಯಿಂದ ಒರೆಸುತ್ತಿದ್ದರು. "ಗೆರೆ ಎಲ್ಲಿದೆ, ತೋರ್ಸು ಮಾರಾಯ." ಎಲ್ಲ ಗೆರೆಗಳನ್ನೂ ಒರೆಸಿದರೆ ಸರಿ ತಪ್ಪಿಗೆ ಆಧಾರವೇನು ಎಂದು ಒಮ್ಮೆ ಕೇಳಿದ್ದೆ. ಅವರು ಪುಟ ತಿರುಗಿಸಿ ಮುಂದಿನ ಪಾಠಕ್ಕೆ ಹೋದರು. ಇವರು ಕಷ್ಟಕಾಲದಲ್ಲಿ ಯಾರಿಗೂ ಆಗುವವರಲ್ಲ ಎಂಬ ಭಯ ನನಗೆ ಅಂಟಿಕೊಂಡಿತು.

ಕೊಯ್ಲಿನ ಕಾಲದಲ್ಲಿ ಮಲ್ಲಂದೂರಿನ ಅವರ ತೋಟಕ್ಕೆ ಹೋಗಿದ್ದೆ. ಸಂಜೆಯಾಗಿತ್ತೆಂದು ನೆನಪು, ನೆನಪಿಗೆ ಸಂಜೆಯೆಂದರೆ ಇಷ್ಟ, ಪೂರ್ತಿ ನಂಬಬೇಡಿ. ರಸ್ತೆಯಲ್ಲಿ ಆನೆ ನಿಂತಿದೆಯೆಂದು ಕಾಫಿ ಕೊಯ್ಯುವ ಆರು ಜನ ತಮ್ಮ ಮಕ್ಕಳನ್ನೆತ್ತಿಕೊಂಡು ಗೇಟಿನ ಬಳಿ ಓಡಿ ಬಂದರು.

"ತೆಗೀಬೇಡಿ ಸರ್," ಎಂದ ತೋಟದ ಲೆಕ್ಕಪತ್ರ ನೋಡುವ ರೈಟರ್. "ಪಕ್ಕದ ಎಸ್ಟೇಟಿನ ಆಳುಗಳು. ಕೊಯ್ಲಲ್ಲಿ ಆಳು ಸಿಗೋದೇ ಕಷ್ಟ, ಒಳಗೆ ಬಿಟ್ರೆ ನಮ್ ಆಳು ಕದ್ರು ಅಂತ ಆ ಎಸ್ಟೇಟಿನವ್ರು ಜಗಳಕ್ಕೆ ಬರ್ತಾರೆ. ನಾಳೆಯಿಂದ ನಮ್ ಜೀಪು ಅವ್ರ ರಸ್ತೇಲಿ ಹೋಗಂಗಿಲ್ಲ."

"ಕದ್ದಿದ್ದೋ ಕಾಪಾಡಿದ್ದೋ ಆಮೇಲೆ ನೋಡೋಣ," ಎನ್ನುತ್ತಾ ಮೇಷ್ಟ್ರು ತಾವೇ ಗೇಟು ತೆಗೆದರು.

ಎಲ್ಲರೂ ಒಳಗೆ ಬಂದ ಮೇಲೆ ನನ್ನ ಎದೆಯ ಭಾರ ಇಳಿಯಿತು. ಮೇಷ್ಟ್ರು ವಿಷಯ ತಿಳಿಸಲು ಪಕ್ಕದವರಿಗೆ ಫೋನ್ ಮಾಡಿ, ಚೆನ್ನಾಗಿ ಬೈಸಿಕೊಂಡು, ರೈಟರ್ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಾ ಮಾಡಿದ್ದು ಸರಿಯೇನೋ?"

"ನಂಗೊತ್ತಿಲ್ಲ ಸರ್," ಎಂದ ರೈಟರ್. "ಮಕ್ಕಳು ಊಟಕ್ಕೆ ಕೂತಿದಾವೆ. ಸಾರು ಸಾಲಲ್ಲ, ಇನ್ನಷ್ಟು ಮಾಡಕ್ಕೆ ಹೇಳ್ಲಾ?"