ಅಕ್ಕನ ಐದು ಟೊಮೇಟೊ ಸಸಿಗಳು

ಬೆಳಗಿನ ಮೊದಲ ಬಸ್ಸು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಗುರ್ರೆಂದಿತು. ಡಿಪೋ ಇರುವುದು ಹಿತ್ತಿಲ ಗೋಡೆಯಾಚೆ. ನಿವೃತ್ತನಾಗಿ ನಾಲ್ಕು ತಿಂಗಳಾದರೂ ಆ ಸದ್ದಿಗೆ ಕಂಡಕ್ಟರನಿಗೆ ಎಚ್ಚರವಾಗಿಬಿಡುತ್ತದೆ. ಎದ್ದ ಮೇಲೆ ಏನು ಮಾಡಬೇಕೆಂದು ಮಾತ್ರ ತೋಚುವುದಿಲ್ಲ. ಇವತ್ತು ಹಾಗಲ್ಲ, ಕೆಲಸವಿತ್ತು.

ಹೆಂಡತಿ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡು ವಾರವಾಗಿತ್ತು. ಅಷ್ಟರಲ್ಲಿ ಅವಳು ಊರಿದ್ದ ಟೊಮೇಟೊ ಬೀಜ ಮೊಳೆತು ಎಲೆ ಬಿಟ್ಟಿತ್ತು. ಕಳೆದ ವರ್ಷ ತೀರಿಕೊಂಡ ಅವಳ ಅಕ್ಕ ಕನ್ನಡಕದ ಡಬ್ಬಿಯಲ್ಲಿ ಉಳಿಸಿಹೋಗಿದ್ದ ಬೀಜ. ಇದ್ದದ್ದೇ ಒಂಬತ್ತು, ಹುಟ್ಟಿದ್ದು ಐದು. ಇವು ಹೋದರೆ ಆ ತಳಿಯೇ ಹೋದಂತೆ. ಕುಂಡವಿಲ್ಲ, ಚೀಲವಿಲ್ಲ, ಮಣ್ಣು ಗೊಬ್ಬರ ಕಲಸಿ ಕಬ್ಬಿಣದ ಅಚ್ಚಿನಲ್ಲಿ ಒತ್ತಿ ತೆಗೆದ ಪುಟ್ಟ ಗಟ್ಟಿಗಳಲ್ಲಿ ಅವು ನಿಂತಿದ್ದವು. ಇವತ್ತೇ ದೊಡ್ಡ ಗಟ್ಟಿಗಳಿಗೆ ದಾಟಿಸಬೇಕು.

"ಮಣ್ಣು ಹಿಂಡಿ ನೋಡಿ," ಹೆಂಡತಿ ಹಿತ್ತಿಲ ಜಗಲಿಯ ಕುರ್ಚಿಯಿಂದಲೇ ಹೇಳಿದಳು. "ಬೆರಳ ಸಂದಿಯಿಂದ ಎರಡು ಹನಿ ಬೀಳ್ಬೇಕು."

"ನಾಲ್ಕು ಬಿತ್ತು."

"ಹಾಗಾದ್ರೆ ಇನ್ನೊಂದು ಹಿಡಿ ಮಣ್ಣು ಹಾಕಿ. ಲೆಕ್ಕ ಒಪ್ಪಿಸ್ಬೇಡಿ."

ಐದು ದೊಡ್ಡ ಗಟ್ಟಿ ಒತ್ತಿದ. ಒಂದೊಂದರ ನಡುವೆಯೂ ಪುಟ್ಟ ಗಟ್ಟಿ ಕೂರುವಷ್ಟೇ ಚೌಕ ಗುಳಿ. ಆಮೇಲೆ ಮೊದಲ ಸಸಿಯ ದಂಟನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೇಲಕ್ಕೆ ಎಳೆದ. ಮೂವತ್ತೊಂದು ವರ್ಷ ಕಟ್ಟಿನಿಂದ ಟಿಕೆಟ್ ಎಳೆದ ಕೈ. ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಚಟ್ ಎಂದಿತು. ಬೇರು ಗಟ್ಟಿಯಲ್ಲೇ ಉಳಿಯಿತು, ಎಲೆ ಬೆರಳಲ್ಲಿ.

ಹೆಂಡತಿ ಎಡಗೈಯಲ್ಲಿ ಕುರ್ಚಿಯನ್ನು ತುಸು ಮುಂದಕ್ಕೆಳೆದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಪಕ್ಕದ ಮನೆ ಟೀಚರನ್ನ ಕರೀಲಾ? ಇದು ನನ್ನ ಕೈಗೆ ಒಗ್ಗಲ್ಲ ಕಣೇ."

"ಅವರ್ಯಾಕೆ? ನಮ್ಮಕ್ಕ ನಿಮ್ಮನ್ನ ಮೊದಲ ಸಲ ನೋಡಿದಾಗ ‘ಒರಟ, ಆದ್ರೆ ಹೇಳಿದ್ರೆ ಕೇಳ್ತಾನೆ’ ಅಂದಿದ್ಲು. ಈಗ ಹೇಳ್ತಿದ್ದೀನಿ, ಕೇಳಿ. ಗಿಡ ಮುಟ್ಟಲೇಬೇಡಿ, ಗಟ್ಟೀನೇ ಎತ್ತಿ. ಬಸ್ಸಲ್ಲಿ ಜನರನ್ನ ಒಳಗೆ ನೂಕಿದ್ದು ಸಾಕು. ಇವನ್ನ ಕೂರಿಸಿ."

ಅವನು ಚಮಚವನ್ನು ಗಟ್ಟಿಯ ಅಡಿಗೆ ತೂರಿಸಿ, ಉಸಿರು ಬಿಗಿಹಿಡಿದು ಎತ್ತಿದ. ಎರಡನೆಯದು ಗುಳಿಯಲ್ಲಿ ಕೂತಿತು. ಮೂರನೆಯದೂ, ನಾಲ್ಕನೆಯದೂ. ಐದನೆಯದು ತುಸು ವಾಲಿತು. ನೆಟ್ಟಗೆ ಮಾಡಲು ಅವನ ಕೈ ಮುಂದೆ ಹೋಯಿತು.

"ರೀ."

ಕೈ ಹಿಂದೆ ಬಂತು.

ಒಂದು ಗುಳಿ ಖಾಲಿ ಉಳಿದಿತ್ತು. ಅದನ್ನು ನೋಡಲಾರದೆ ಅವನು ನೆಲ ಒರೆಸತೊಡಗಿದ.

"ಮುರಿದಿದ್ದು ಎಲ್ಲಿ?"

ಜೇಬಿನಿಂದ ತೆಗೆದ. ಒದ್ದೆ ಕಾಗದದಲ್ಲಿ ಸುತ್ತಿಟ್ಟುಕೊಂಡಿದ್ದ. ಅವಳು ಎಡಗೈಯಲ್ಲಿ ಕಾಗದ ಬಿಡಿಸಿ ದಂಟು ನೋಡಿದಳು.

"ಟೊಮೇಟೊ ಮೊಂಡು ಜಾತಿ. ತೇವದಲ್ಲಿ ಊರಿದ್ರೆ ದಂಟಿಂದಾನೇ ಬೇರು ಬಿಟ್ಟರೂ ಬಿಟ್ಟೀತು. ಎಲೆ ತುದಿ ಹಿಡ್ಕೊಳ್ಳಿ."

ಖಾಲಿ ಗುಳಿಗೆ ಒದ್ದೆ ಮಣ್ಣು ತುಂಬಿ, ಎಲೆ ತುದಿ ಹಿಡಿದು ಊರಿದ. ಸೋತ ತಲೆ ಎತ್ತದಿದ್ದರೂ ಸಸಿ ಬೀಳದೆ ನಿಂತಿತು.

"ಇದಕ್ಕೆ ಬಿಸಿಲು ಬೇಡ ಅಲ್ವಾ?" ಆ ಗಟ್ಟಿಯೊಂದನ್ನೇ ಅಂಗೈಯಲ್ಲಿ ಹೊತ್ತು ಎದ್ದ. "ಬಚ್ಚಲ ಕಟ್ಟೆ ಮೇಲೆ ನೆರಳಿದೆ. ಮೇಲೊಂದು ಗಾಜಿನ ಲೋಟ ಬೋರಲು ಹಾಕಿ, ಗಂಟೆಗೊಂದು ಸಲ ನೋಡಿ, ನಿಂಗೆ ಬಂದು ಲೆಕ್ಕ ಒಪ್ಪಿಸ್ತೀನಿ" ಎನ್ನುತ್ತ, ಇನ್ನೊಂದು ಕೈಯನ್ನು ಗಾಳಿಗೆ ಅಡ್ಡ ಹಿಡಿದು, ಹೆಜ್ಜೆ ನೋಡಿ ನೋಡಿ ಇಡುತ್ತ ಒಳಗೆ ನಡೆದ.